ಅಂಗಡಿ ಡಬ್ಬಿಯ ಬ್ರೇಕ್ ಆಯಿಲ್

2003ರ ನವೆಂಬರ್. ಆಗ ನನಗೆ ನಲವತ್ತೇಳು ವರ್ಷ. ಒಂದು ಖಾಸಗಿ ಬಸ್ ಕಂಪನಿಯ ವರ್ಕ್‌ಶಾಪಿನಲ್ಲಿ ಹದಿನೈದು ವರ್ಷ ಬರೀ ಬ್ರೇಕ್ ಕೆಲಸ ಮಾಡಿ, ಆಮೇಲೆ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ನನ್ನದೇ ಒಂದು ಶೆಡ್ ಹಾಕಿಕೊಂಡು ಒಂಬತ್ತು ವರ್ಷವಾಗಿತ್ತು. ಎಂಜಿನ್ ಮುಟ್ಟುತ್ತಿರಲಿಲ್ಲ, ಬಣ್ಣ ಹೊಡೆಯುತ್ತಿರಲಿಲ್ಲ, ಬ್ರೇಕ್ ಒಂದೇ. ‘ಬ್ರೇಕ್ ಪುಟ್ಟಸ್ವಾಮಿ’ ಅಂದರೆ ಊರಿನ ಅರ್ಧ ಡ್ರೈವರುಗಳಿಗೆ ಗೊತ್ತಿತ್ತು. ಆ ಹೆಸರಿನ ಬಗ್ಗೆ ನನಗೆ ಜಂಬವೂ ಇತ್ತು. ಈಗ ಹೇಳಹೊರಟಿರುವುದು ಆ ಜಂಬ ಇಳಿದ ಸಂಗತಿ.

ಒಂದು ಸೋಮವಾರ ಬೆಳಿಗ್ಗೆ ಪ್ರಸಾದ್ ಎಂಬ ಯುವಕ ತನ್ನ ಕಾರು ತಂದು ನಿಲ್ಲಿಸಿದ. ಇಪ್ಪತ್ತೆಂಟರ ವಯಸ್ಸು, ಹಣೆಯಲ್ಲಿ ವಿಭೂತಿ. ದೇವರಾಜ ಮೊಹಲ್ಲಾದಲ್ಲಿ ಅವರದು ಬೆಲ್ಲ, ಹುಣಸೆಹಣ್ಣಿನ ಸಗಟು ಅಂಗಡಿ. ಕಾರು ಆ ಕಾಲದಲ್ಲಿ ರಸ್ತೆಗೆ ಹತ್ತು ಕಾಣುತ್ತಿದ್ದ ಪುಟ್ಟ 800 ಸಿಸಿ ಗಾಡಿ. ಮುಂದೆ ಡಿಸ್ಕ್, ಹಿಂದೆ ಡ್ರಮ್, ಹನ್ನೆರಡು ಇಂಚಿನ ಚಕ್ರ. ಮನೆಮಂದಿ ನಂಜನಗೂಡಿಗೆ ಹೋಗಿ ಬರಲು ತಕ್ಕ ಕಾರು. ಪ್ರಸಾದ್ ಹಿಂದಿನ ವಾರ ಅದನ್ನು ಚೆನ್ನೈ ಹತ್ತಿರದ ರೇಸ್ ಟ್ರ್ಯಾಕಿಗೆ ಓಡಿಸಿಕೊಂಡು ಹೋಗಿದ್ದ. ಅಲ್ಲಿ ಕೆಲವು ದಿನ ಯಾರು ಬೇಕಾದರೂ ತಮ್ಮ ಕಾರು ತಂದು ಸುತ್ತು ಹೊಡೆಯಬಹುದು. ಸ್ಪರ್ಧೆ ಅಲ್ಲ, ಬಹುಮಾನ ಇಲ್ಲ, ಬರೀ ಹುಚ್ಚು.

“ಮೊದಲ್ನೇ ಮೂರು ಸುತ್ತು ಸೂಪರಾಗಿತ್ತು ಸಾರ್. ನಾಲ್ಕನೇದ್ರಲ್ಲಿ ಉದ್ದದ ರಸ್ತೆ ಮುಗಿಯೋ ಕಡೆ ಬ್ರೇಕ್ ತುಳಿದ್ರೆ ಪೆಡಲ್ ಸೀದಾ ನೆಲಕ್ಕೆ ಹೋಯ್ತು. ಏನೂ ಇಲ್ಲ ಸಾರ್ ಕಾಲಡಿ, ಗಾಳಿ ತುಳಿದಂಗೆ.”

ಕಾರು ತಿರುವಿನಲ್ಲಿ ತಿರುಗದೆ ಜಲ್ಲಿಗೆ ನುಗ್ಗಿ, ಹಳೇ ಟೈರು ಪೇರಿಸಿದ ಗೋಡೆಗೆ ಹತ್ತಡಿ ದೂರದಲ್ಲಿ ನಿಂತಿತ್ತು. ಹೇಳುವಾಗ ಅವನು ನಗುತ್ತಿದ್ದ. ಕೈಬೆರಳು ಮಾತ್ರ ಕಾರಿನ ಬೀಗದ ಕೈಯನ್ನು ಬಿಡದೆ ತಿರುಗಿಸುತ್ತಿತ್ತು. ಡಿಸೆಂಬರ್ ಕೊನೆಗೆ ಮತ್ತೆ ಹೋಗುವವನಿದ್ದ. ಅಷ್ಟರೊಳಗೆ ದೊಡ್ಡ ಕಾರಿನ ಡಿಸ್ಕು, ಕ್ಯಾಲಿಪರು ಇದಕ್ಕೆ ಕೂರಿಸಿಕೊಡಬೇಕು ಅನ್ನುವುದು ಅವನ ಬೇಡಿಕೆ.

ಇಲ್ಲಿ ಸ್ವಲ್ಪ ವಿವರಿಸಬೇಕು. ನಾವು ಪೆಡಲ್ ತುಳಿದಾಗ ಆ ಒತ್ತಡವನ್ನು ಚಕ್ರದವರೆಗೆ ಒಯ್ಯುವುದು ಕೊಳವೆಯೊಳಗಿನ ಬ್ರೇಕ್ ಆಯಿಲ್. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಕ್ಯಾಲಿಪರ್ ಎಂಬ ಹಿಡಿಯೊಳಗಿನ ಎರಡು ಪ್ಯಾಡುಗಳು ಹಿಡಿದು ನಿಲ್ಲಿಸುತ್ತವೆ. ಹಾಗೆ ಹಿಡಿದಾಗ ಹುಟ್ಟುವ ಶಾಖ ಆಯಿಲ್‌ಗೂ ತಲುಪುತ್ತದೆ. ಆಯಿಲ್ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ ಏಳುತ್ತದೆ. ತುಳಿದರೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಒತ್ತಡ ಚಕ್ರಕ್ಕೆ ಹೋಗುವುದಿಲ್ಲ, ಪೆಡಲ್ ನೆಲ ಮುಟ್ಟುತ್ತದೆ. ಪ್ರಸಾದನಿಗೆ ಆದದ್ದು ಇದೇ ಎಂದು ಅವನು ಮಾತು ಮುಗಿಸುವ ಮೊದಲೇ ನನಗೆ ತಿಳಿದಿತ್ತು. ಕುದಿಯಲು ಕಾರಣ ಎರಡೇ. ಒಂದೋ ಆಯಿಲ್ ಕೆಟ್ಟಿರಬೇಕು, ಇಲ್ಲವೇ ಡಿಸ್ಕು ಚಿಕ್ಕದಾಗಿ ಅಳತೆ ಮೀರಿದ ಶಾಖ ಹುಟ್ಟುತ್ತಿರಬೇಕು.

“ಬ್ರೇಕ್ ಆಯಿಲ್ ಯಾವಾಗ ಚೇಂಜ್ ಮಾಡ್ಸಿದ್ದು?” ಎಂದು ಕೇಳಿದೆ.

“ಹೋದ ತಿಂಗ್ಳು ಸಾರ್, ಆಯುಧಪೂಜೆಗೆ. ನಮ್ಮಪ್ಪಾಜಿ ಪ್ರತಿ ವರ್ಷ ತಪ್ಪಿಸಲ್ಲ.”

ಅಲ್ಲಿಗೆ ಮೊದಲ ಕಾರಣ ಬಿಟ್ಟೆ. ಉಳಿದದ್ದು ಎರಡನೆಯದು. ನಿಜ ಹೇಳಬೇಕೆಂದರೆ ಆ ಎರಡನೆಯದೇ ಆಗಲಿ ಎಂದು ನನ್ನ ಮನಸ್ಸಿನಲ್ಲೂ ಇತ್ತು. ಪುಟ್ಟ ಕಾರಿಗೆ ದೊಡ್ಡ ಬ್ರೇಕ್ ಕೂರಿಸುವ ಕೆಲಸ ನನ್ನ ಶೆಡ್ಡಿಗೆ ಅದುವರೆಗೆ ಬಂದಿರಲಿಲ್ಲ. ಹದಿಮೂರು ಇಂಚಿನ ಚಕ್ರ ಬೇಕು, ಕ್ಯಾಲಿಪರ್ ಹಿಡಿದಿಡಲು ಹೊಸ ಬ್ರಾಕೆಟ್ ಮಾಡಿಸಬೇಕು, ಹಿಂದಿನ ಡ್ರಮ್ಮಿಗೂ ಮುಂದಿನದಕ್ಕೂ ಬಲ ಹೊಂದಿಸಬೇಕು. ಅವತ್ತೇ ಮಧ್ಯಾಹ್ನ ರಟ್ಟಿನಲ್ಲಿ ಬ್ರಾಕೆಟ್ಟಿನ ಅಳತೆ ಕತ್ತರಿಸಿ ಲೇತ್ ಅಂಗಡಿಯ ರಂಗಣ್ಣನಿಗೆ ಕೊಟ್ಟು ಬಂದೆ. ಅವನು ರಟ್ಟನ್ನು ತಿರುಗಿಸಿ ನೋಡಿ, “ಏನ್ ಪುಟ್ಟಸ್ವಾಮಿ, ಆಡಿನ ಮರಿಗೆ ಎತ್ತಿನ ಲಾಳ ಹೊಡೀತಿದ್ದೀಯಾ?” ಅಂದ.

ಎರಡು ದಿನ ಬಿಟ್ಟು ಪ್ರಸಾದನ ತಂದೆ ಆಟೋದಲ್ಲಿ ಒಬ್ಬರೇ ಬಂದರು. ಮಹದೇವಪ್ಪನವರು. ಅರವತ್ತು ದಾಟಿದ, ಮೆಲ್ಲಗೆ ಮಾತಾಡುವ ಮನುಷ್ಯ. ಸ್ಟೂಲು ಕೊಟ್ಟರೂ ಕೂರಲಿಲ್ಲ. ಜ್ಯಾಕಿನ ಮೇಲಿದ್ದ ಮಗನ ಕಾರನ್ನು ಒಂದು ಸುತ್ತು ಹಾಕಿ ನನ್ನ ಎದುರು ನಿಂತರು.

“ಪುಟ್ಟಸ್ವಾಮಿಯವ್ರೇ, ಒಂದು ಉಪಕಾರ ಮಾಡ್ಬೇಕು. ಈ ಕಾರಿಗೆ ದೊಡ್ಡ ಬ್ರೇಕ್ ಕೂರಲ್ಲ ಅಂತ ಅವ್ನಿಗೆ ಹೇಳ್ಬುಡಿ. ನನ್ ಮಾತು ಕೇಳಲ್ಲ. ನಿಮ್ ಮಾತು ಕೇಳ್ತಾನೆ.”

“ಕೂರುತ್ತಲ್ಲ ಯಜಮಾನ್ರೇ. ಸುಳ್ಳು ಹೆಂಗೆ ಹೇಳ್ಲಿ? ದೊಡ್ಡದು ಹಾಕಿದ್ರೆ ಅವ್ರಿಗೇ ಸೇಫ್ಟಿ.”

“ದೊಡ್ಡ ಬ್ರೇಕ್ ಇದೆ ಅಂತ ಇನ್ನೂ ಜೋರಾಗ್ ಓಡುಸ್ತಾನಲ್ರೀ. ಆಗ ಹಿಡೀದಿದ್ರೆ?”

ನಾನು ಡಿಸ್ಕಿನ ಸುತ್ತಳತೆ, ಶಾಖ ಎಂದು ಏನೇನೋ ಹೇಳಿದೆ. ಅವರು ಗೌರವದಿಂದ ಕೇಳಿಸಿಕೊಂಡರು. ಅವರು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ ಎಂದು ನನಗೂ ಗೊತ್ತಿತ್ತು. ಆಟೋ ಹತ್ತುವಾಗ ಅವರು ಕಣ್ಣೊರೆಸಿಕೊಂಡದ್ದು ಕಂಡಿತು. ನನಗೆ ಸಂಕಟವಾಯಿತು, ಸ್ವಲ್ಪ ಕೋಪವೂ ಬಂತು. ಮನೆಯ ಭಯವನ್ನೆಲ್ಲ ತಂದು ಮೆಕಾನಿಕ್ಕಿನ ತಲೆಗೆ ಯಾಕೆ ಕಟ್ಟುತ್ತಾರೆ ಅನ್ನಿಸಿತು.

ಶನಿವಾರ ಬ್ರಾಕೆಟ್ ಬಂತು. ಹಳೇ ಕ್ಯಾಲಿಪರ್ ಬಿಚ್ಚುವ ಮೊದಲು ಆಯಿಲ್ ಇಳಿಸಲು ನಟ್ಟು ಸಡಿಲಿಸಿ ಗಾಜಿನ ಬಾಟಲಿ ಹಿಡಿದೆ. ಹೊಸ ಬ್ರೇಕ್ ಆಯಿಲ್ ತೆಳು ಜೇನಿನ ಬಣ್ಣಕ್ಕಿರುತ್ತದೆ. ಬಾಟಲಿಗೆ ಇಳಿದದ್ದು ಕಾಫಿ ಡಿಕಾಕ್ಷನ್ನಿನ ಹಾಗಿತ್ತು. ಒಂದೇ ತಿಂಗಳಿಗೆ ಈ ಬಣ್ಣ ಬರುವುದಿಲ್ಲ. ಉಳಿದ ಮೂರು ಚಕ್ರದಲ್ಲೂ ನೋಡಿದೆ, ಎಲ್ಲ ಕಡೆ ಅದೇ. ಸ್ಪ್ಯಾನರ್ ಕೆಳಗಿಟ್ಟು ಪ್ರಸಾದನ ಅಂಗಡಿಗೆ ಫೋನ್ ಮಾಡಿದೆ.

“ಚೇಂಜ್ ಮಾಡ್ಸಿದ್ದು ನಿಜ ಸಾರ್, ನಾನೇ ನೋಡಿದ್ದೀನಿ. ಅಂಗಡಿ ಪಕ್ಕದ ಮೆಕಾನಿಕ್ ಹಾಕಿದ್ದು. ಆಯಿಲ್ ನಮ್ದೇ, ಅಪ್ಪಾಜಿ ಡಬ್ಬಿ ಇಟ್ಕೊಂಡಿದ್ದಾರೆ.”

“ಆ ಡಬ್ಬಿ ತಗೊಂಡು ಅಪ್ಪಾಜಿ ಒಬ್ರೇ ಬರ್ಲಿ. ನೀವು ಒಂದ್ ಗಂಟೆ ಬಿಟ್ಟು ಬನ್ನಿ” ಅಂದೆ.

ಮಹದೇವಪ್ಪನವರು ತಂದದ್ದು ಐದು ಲೀಟರಿನ ತಗಡಿನ ಡಬ್ಬಿ. ಸಗಟು ವ್ಯಾಪಾರದ ಮನೆ, ಏನನ್ನೂ ಚಿಕ್ಕದಾಗಿ ತಂದು ಅಭ್ಯಾಸವಿಲ್ಲ. ಅಂಗಡಿಯ ಟೆಂಪೊಗೆಂದು ಆರು ವರ್ಷದ ಹಿಂದೆ ಕೊಂಡದ್ದಂತೆ. ಮುಚ್ಚಳ ಯಾವತ್ತೋ ಕಳೆದುಹೋಗಿ, ಸೀಮೆಎಣ್ಣೆ ಡಬ್ಬಿಗೆ ಮಾಡುವಂತೆ ಬಾಯಿಗೆ ಬಟ್ಟೆ ತುರುಕಿದ್ದರು. ಇಟ್ಟಿದ್ದ ಜಾಗ ಹಿತ್ತಲ ನೀರಿನ ತೊಟ್ಟಿಯ ಪಕ್ಕದ ಗೂಡು.

“ಆಯುಧಪೂಜೆ ದಿನ ಗಾಡೀಲಿ ಯಾವ್ದೂ ಖಾಲಿ ಇರ್ಬಾರ್ದು ಅಂತ ನಮ್ಮನೆ ಪದ್ಧತಿ. ಬ್ಯಾಟ್ರಿ ನೀರು, ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಎಲ್ಲಾ ನಿಂತು ತುಂಬುಸ್ತೀನಿ. ಇದನ್ನಂತೂ ಹಳೇದು ಪೂರ್ತಿ ತೆಗೆಸಿ ಹಾಕುಸ್ತೀನಿ” ಎಂದರು. ಹೇಳುವಾಗ ಮುಖದಲ್ಲಿ ಹೆಮ್ಮೆಯಿತ್ತು.

ಬ್ರೇಕ್ ಆಯಿಲ್ ಬೇರೆ ಎಣ್ಣೆಗಳ ಹಾಗಲ್ಲ. ಉಪ್ಪಿನ ಹಾಗೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ಬಾಯಲ್ಲಿ ಹೇಳಿದರೆ ಸಾಲದು ಅನ್ನಿಸಿತು. ಬೇರಿಂಗ್ ಕಾಯಿಸುವಾಗ ಎಣ್ಣೆಯ ಶಾಖ ನೋಡಲು ನನ್ನ ಹತ್ತಿರ ಒಂದು ಥರ್ಮಾಮೀಟರ್ ಇತ್ತು. ಶೆಡ್ಡಿನ ಹೊರಗೆ ಎಲೆಕ್ಟ್ರಿಕ್ ಒಲೆ ಇಟ್ಟು, ಎರಡು ಪುಟ್ಟ ಬಟ್ಟಲು ತೆಗೆದುಕೊಂಡೆ. ಒಂದಕ್ಕೆ ಅವರ ಡಬ್ಬಿಯ ಅದೇ ಡಿಕಾಕ್ಷನ್ ಬಣ್ಣದ್ದು, ಇನ್ನೊಂದಕ್ಕೆ ಅವರ ಕಣ್ಣೆದುರೇ ಸೀಲು ಒಡೆದ ಹೊಸದು. ಇದನ್ನು ಯಾರೂ ಮನೆಯಲ್ಲಿ ಮಾಡಬಾರದು, ಆ ಹೊಗೆ ಒಳ್ಳೆಯದಲ್ಲ, ಬೆಂಕಿಯೂ ಹತ್ತೀತು.

ಅವರ ಬಟ್ಟಲಿನಲ್ಲಿ ನೂರ ಮೂವತ್ತೈದು ಡಿಗ್ರಿಗೆ ಗುಳ್ಳೆ ಎದ್ದಿತು. ಹೊಸದರಲ್ಲಿ ಇನ್ನೂರು ದಾಟಿದರೂ ಏನೂ ಅಲುಗಲಿಲ್ಲ.

ಮಹದೇವಪ್ಪನವರು ಒಂದು ಬಟ್ಟಲು ನೋಡಿದರು, ಇನ್ನೊಂದು ನೋಡಿದರು. ಮೊದಲ ಬಾರಿ ಸ್ಟೂಲಿನ ಮೇಲೆ ಕೂತರು.

“ಅಂದ್ರೆ ಅವತ್ತು ಅವ್ನ ಕಾಲಡಿ ಇದ್ದಿದ್ದು ಇದೇನಾ?”

“ಹೌದು ಯಜಮಾನ್ರೇ.”

“ಊರೊಳಗೆ ಯಾವತ್ತೂ ತೊಂದ್ರೆ ಆಗ್ಲಿಲ್ವಲ್ಲ.”

“ಊರೊಳಗೆ ಅಷ್ಟು ಬಿಸಿ ಆಗಲ್ಲ. ಅದಕ್ಕೇ ಗೊತ್ತಾಗ್ಲಿಲ್ಲ. ನಂಗೂ ಗೊತ್ತಾಗ್ಲಿಲ್ಲ. ನಿಮ್ಮಗ ಹೋದ ತಿಂಗ್ಳು ಹಾಕ್ಸಿದ್ದು ಅಂದ್ರು, ನಾನು ಬಿಚ್ಚಿ ನೋಡ್ಲೇ ಇಲ್ಲ. ದೊಡ್ಡ ಬ್ರೇಕ್ ಹಾಕಿ ಕಳ್ಸಿದ್ರೂ ಮುಂದಿನ ಪೂಜೆಗೆ ನೀವು ಇದೇ ಡಬ್ಬಿ ಬಗ್ಗಿಸ್ತಿದ್ರಿ. ತಪ್ಪು ನಿಮ್ದೊಬ್ರದೇ ಅಲ್ಲ.”

ಇದು ಅವರನ್ನು ಸಮಾಧಾನಪಡಿಸಲು ಹೇಳಿದ್ದಲ್ಲ. ನಿಮ್ಮ ಭಯ ನಮ್ಮ ಕೆಲಸಕ್ಕೆ ಸಂಬಂಧಿಸಿದ್ದಲ್ಲ ಎಂದು ಯಾರ ಮೇಲೆ ಕೋಪಿಸಿಕೊಂಡಿದ್ದೆನೋ, ಅವರೇ ಸರಿಯಾದ ಪ್ರಶ್ನೆ ಕೇಳಿದ್ದರು. ‘ಆಗ ಹಿಡಿಯದಿದ್ದರೆ?’ ಅದನ್ನು ಮೊದಲ ದಿನವೇ ನಾನು ಕೇಳಿಕೊಳ್ಳಬೇಕಿತ್ತು.

ಪ್ರಸಾದ್ ಬಂದಾಗ ನಾನೇ ಹೇಗಾದರೂ ತೇಲಿಸಿ ಹೇಳಿಬಿಡೋಣ ಎಂದುಕೊಂಡಿದ್ದೆ. ಮಗನ ಎದುರು ತಂದೆ ಕುಗ್ಗುವುದು ನನಗೆ ಬೇಕಿರಲಿಲ್ಲ. ಆದರೆ ಅವನು ಒಳಗೆ ಕಾಲಿಡುತ್ತಿದ್ದಂತೆ ಅವರೇ ಎದ್ದು ನಿಂತರು.

“ಪ್ರಸಾದ, ನಿನ್ ಬ್ರೇಕ್ ಕೆಡಿಸಿದ್ದು ನಾನು ಕಣೋ.”

ಅವನಿಗೆ ಅರ್ಥವಾಗಲಿಲ್ಲ. ನಾನು ಎರಡೂ ಬಟ್ಟಲು ತೋರಿಸಿ ವಿವರಿಸಿದೆ. ಅವನು ಡಬ್ಬಿಯ ಬಾಯಿಗೆ ತುರುಕಿದ್ದ ಬಟ್ಟೆ ಎಳೆದು ಒಳಗೆ ಇಣುಕಿದ. ಆಮೇಲೆ, “ಪೂಜೆಗೆ ಅಂತ ತಾನೆ ಹಾಕಿದ್ದು, ಬುಡಿ ಅಪ್ಪಾಜಿ” ಎಂದು ಅವರ ಭುಜ ಹಿಡಿದ. ನಾನು ಕೈ ತೊಳೆಯುವ ನೆಪದಲ್ಲಿ ಹೊರಗೆ ಹೋದೆ.

ಕೊನೆಗೆ ದೊಡ್ಡ ಬ್ರೇಕ್ ಹಾಕಲಿಲ್ಲ. ಹೆಚ್ಚೆಂದರೆ ಏಳುನೂರು ಕೆಜಿಯ ಕಾರು. ನಾಲ್ಕು ಸುತ್ತು ಹೊಡೆಯಲು ಅದರ ಡಿಸ್ಕು ಸಾಕು. ಇರುವ ಬ್ರೇಕು ಚಕ್ರವನ್ನು ಹಿಡಿದು ನಿಲ್ಲಿಸುವಷ್ಟು ಬಲವಾಗಿದ್ದರೆ, ಅದಕ್ಕಿಂತ ಬೇಗ ಕಾರು ನಿಲ್ಲಿಸುವುದು ಟೈರಿನ ಕೈಯಲ್ಲಿದೆ, ಡಿಸ್ಕಿನ ಗಾತ್ರದಲ್ಲಿಲ್ಲ. ಕೊಳವೆಗಳನ್ನೆಲ್ಲ ತೊಳೆದು, ಇನ್ನೂ ಹೆಚ್ಚು ಶಾಖ ತಡೆಯುವ ದರ್ಜೆಯ ಹೊಸ ಆಯಿಲ್ ತುಂಬಿದೆ. ಪ್ಯಾಡು, ರಬ್ಬರ್ ಹೋಸು ಬದಲಿಸಿದೆ. ನಾಲ್ಕು ಸುತ್ತು ಹೊಡೆದರೆ ಐದನೆಯದು ಬ್ರೇಕ್ ಮುಟ್ಟದೆ ನಿಧಾನವಾಗಿ, ಡಿಸ್ಕು ಆರಲು. ಹಾಗೆಂದು ಪ್ರಸಾದನಿಂದ ಮಾತು ತೆಗೆದುಕೊಂಡೆ. ಬ್ರಾಕೆಟ್ ವಾಪಸ್ ಒಯ್ದಾಗ ರಂಗಣ್ಣ ಏನಾದರೂ ಆಡಿಕೊಳ್ಳುತ್ತಾನೆ ಎಂದಿದ್ದೆ. ಅವನು ಸುಮ್ಮನೆ ತೆಗೆದುಕೊಂಡು ಮೂಲೆಗಿಟ್ಟ.

ಡಿಸೆಂಬರ್ ಕೊನೆಯ ಭಾನುವಾರ ಪ್ರಸಾದ್ ಮತ್ತೆ ಟ್ರ್ಯಾಕಿಗೆ ಹೋದ, ನಾನು ಫೋನಿನ ಹತ್ತಿರವೇ ಕೂತಿದ್ದೆ. ಮಧ್ಯಾಹ್ನ ಮೂರಕ್ಕೆ ಮಹದೇವಪ್ಪನವರ ಫೋನ್ ಬಂತು. “ಈಗ ಮಾತಾಡ್ದ. ಪೆಡಲ್ ಕೊನೇ ತನಕ ಗಟ್ಟಿಯಾಗಿತ್ತಂತೆ” ಎಂದರು.

ಅದಾದ ಮೇಲೆ ಹನ್ನೆರಡು ವರ್ಷ ಶೆಡ್ ನಡೆಸಿದೆ. ದೊಡ್ಡದು ಹಾಕಿ ಎಂದು ಬಂದವರಿಗೆ, ಇರುವುದು ಯಾಕೆ ಸೋತಿತು ಎಂದು ನೋಡದೆ ಉತ್ತರ ಕೊಟ್ಟಿಲ್ಲ. ಹೋದ ತಿಂಗಳು ಹಾಕಿಸಿದ್ದು ಎಂದು ಯಾರು ಎಷ್ಟೇ ಪ್ರಾಮಾಣಿಕವಾಗಿ ಹೇಳಿದರೂ ಬಾಟಲಿ ಹಿಡಿದು ಇಳಿಸಿ ನೋಡಿದ್ದೇನೆ. ಅಕ್ಕರೆಯಿಂದ ಮಾಡಿದ ಕೆಲಸವನ್ನು ಯಾರೂ ಪರೀಕ್ಷಿಸುವುದಿಲ್ಲ, ಮಾಡಿದವರಂತೂ ಪರೀಕ್ಷಿಸುವುದೇ ಇಲ್ಲ. ನನ್ನ ಕಸುಬು ಅದನ್ನು ಪರೀಕ್ಷಿಸುವುದು ಎಂದು ಅವತ್ತು ಕಲಿತೆ.

ಮರುವರ್ಷದ ಆಯುಧಪೂಜೆಯ ಹಿಂದಿನ ದಿನ ಶೆಡ್ಡಿನ ತುಂಬ ಗಾಡಿಗಳಿದ್ದವು. ಅವುಗಳ ನಡುವೆ ಮಹದೇವಪ್ಪನವರು ನಿಂತಿದ್ದರು, ಕೈಯಲ್ಲಿ ಅಂಗೈ ಅಗಲದ, ಸೀಲು ಒಡೆಯದ ಒಂದು ಪುಟ್ಟ ಡಬ್ಬಿ. ಬಾನೆಟ್ ತೆರೆದೇ ಇತ್ತು, ಮಗ ಪಕ್ಕದಲ್ಲಿದ್ದ. ಜೀವನವಿಡೀ ತುಂಬಿಸಿಯೇ ಬಂದಿದ್ದ ಆ ಮನುಷ್ಯ ನನ್ನ ಕಡೆ ತಿರುಗಿ ಕೇಳಿದರು:

“ಪುಟ್ಟಸ್ವಾಮಿಯವ್ರೇ, ಮೊದ್ಲು ನೀವೊಂದ್ಸಲ ನೋಡಿ. ತುಂಬ್ಲಾ, ಬ್ಯಾಡ್ವಾ?”