ಗೇಟಿನವರೆಗೂ ಹೋದೆ, ಯಾರೂ ಕರೆಯಲಿಲ್ಲ

ಹದಿನೆಂಟು ಸಾವಿರ ರೂಪಾಯಿ. ಕೆಟ್ಟಿಲ್ಲದ ಕಾರಿಗೆ. ಅದೂ ಅವರು ಹೇಳಿದ ಬೆಲೆಗೆ, ಒಂದು ರೂಪಾಯಿ ಕಡಿಮೆಯಾಗದೆ.

ಈ ಅಂಕಣವನ್ನು ಬಿಡದೆ ಓದುವವರು ಈಗಾಗಲೇ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿರುತ್ತೀರಿ. ಸೊಪ್ಪಿನವಳ ಹತ್ತಿರ ಕರಿಬೇವು, ಮೆಡಿಕಲ್ ಸ್ಟೋರಿನಲ್ಲಿ ಕ್ಯಾಲೆಂಡರು, ಒಡವೆ ಅಂಗಡಿಯಲ್ಲಿ ಎರಡನೇ ಲೋಟ ಬಾದಾಮಿ ಹಾಲು, ಏನನ್ನೂ ಬಿಟ್ಟವಳಲ್ಲ ನಾನು. ಮೂರು ವರ್ಷದ ಹಿಂದೆ ಇದೇ ಕಾರು ತೆಗೆದುಕೊಂಡಾಗ ಫ್ಲೋರ್ ಮ್ಯಾಟು, ಮಡ್ ಫ್ಲ್ಯಾಪು, ಸೀಟ್ ಕವರು, ಡ್ಯಾಶ್‌ಬೋರ್ಡಿನ ಮೇಲೆ ಕೂರಿಸುವ ಗಣಪತಿ, ಎಲ್ಲವನ್ನೂ ಬಿಟ್ಟಿಯಾಗಿ ಬರೆಸಿಕೊಂಡಿದ್ದೆ. ಕೊನೆಗೆ ಬಾನೆಟ್ಟಿಗೆ ಕಟ್ಟಿದ್ದ ಕೆಂಪು ರಿಬ್ಬನ್ನನ್ನೂ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಬಂದೆ. (ಒಳ್ಳೆಯ ರಿಬ್ಬನ್ನು. ಗೌರಿ ಹಬ್ಬದಲ್ಲಿ ಬಾಗಿನ ಕಟ್ಟಲು ಬಂತು.)

ಅಂಥವಳು ಹೇಳಿದ ಬೆಲೆ ಕೊಡಲು ಬಿಟ್ಟು ಬಂದೆ. ನಾಚಿಕೆಯಿಂದಲ್ಲ, ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಯಾಕೆ ಅಂತ ಕೇಳಿ.

ಕಾರು ನನ್ನ ಮಗಳು ಚೈತ್ರಳದ್ದು. ಜೆ.ಪಿ. ನಗರದ ನಮ್ಮ ಮನೆಯ ಮೇಲಿನ ಅಂತಸ್ತಿನಲ್ಲಿ ಅವಳು ಕೇಕ್ ಮಾಡುತ್ತಾಳೆ. ಹುಟ್ಟುಹಬ್ಬ, ನಿಶ್ಚಿತಾರ್ಥ, ಗೃಹಪ್ರವೇಶ ಯಾವುದಿದ್ದರೂ ಆರ್ಡರು ಫೋನಿನಲ್ಲಿ ಬರುತ್ತದೆ, ಕೇಕು ಕಾರಿನಲ್ಲಿ ಹೋಗುತ್ತದೆ. ಕ್ರೀಮ್ ಕೇಕು ಸ್ಕೂಟರಿನ ಮೇಲೆ ಹೋಗುವ ಪದಾರ್ಥವಲ್ಲ. ಹಾಗಾಗಿ ಅವಳ ಕಾರನ್ನು ಕಾರು ಅನ್ನುವುದಕ್ಕಿಂತ ಚಕ್ರ ಇರುವ ಫ್ರಿಜ್ಜು ಅನ್ನುವುದೇ ಸರಿ. ಏಸಿ ಇದ್ದರೆ ವ್ಯಾಪಾರ. ಇಲ್ಲದಿದ್ದರೆ ಇಲ್ಲ.

ಹೋದ ಬೇಸಿಗೆಯಲ್ಲಿ ಅದು ಕೈಕೊಟ್ಟಿತು. ಬೇಗೂರಿನಲ್ಲಿ ಒಂದು ಮಗುವಿನ ಮೊದಲ ಹುಟ್ಟುಹಬ್ಬ. ಮೂರು ಅಂತಸ್ತಿನ ಕೇಕು. ಬನ್ನೇರುಘಟ್ಟ ರಸ್ತೆಯ ಸಿಗ್ನಲ್ಲಿನಲ್ಲಿ ಏಸಿಯಿಂದ ಬಿಸಿಗಾಳಿ ಬರಲು ಶುರುವಾಯಿತು. ಬೇಗೂರು ತಲುಪುವ ಹೊತ್ತಿಗೆ ಮೇಲಿನ ಅಂತಸ್ತು ಕೆಳಗಿನದರ ಹೆಗಲ ಮೇಲೆ ಒರಗಿ ಕೂತಿತ್ತು. ಆ ಮನೆಯವರು ಒಳ್ಳೆಯವರು, ಬೈಯಲಿಲ್ಲ. ಆದರೆ ಮಗುವಿನ ಅಜ್ಜಿ ಕೇಕನ್ನು ನೋಡಿ, "ಹೋಗ್ಲಿ ಬಿಡಮ್ಮ, ಫೋಟೋಗೆ ಆ ಕಡೆಯಿಂದ ನಿಲ್ಲಿಸೋಣ" ಅಂದರಂತೆ. ಬೈದಿದ್ದರೆ ಚೈತ್ರ ಮರೆಯುತ್ತಿದ್ದಳೇನೋ. ಆ ಮಾತನ್ನು ಮರೆಯಲಿಲ್ಲ.

ಕಾರಿಗೆ ಕಂಪನಿಯ ವಾರಂಟಿ ಇನ್ನೂ ಇತ್ತು. ಏಸಿಯ ಕಂಪ್ರೆಸರನ್ನು ಕಾಸಿಲ್ಲದೆ ಬದಲಾಯಿಸಿಕೊಟ್ಟರು. "ನೋಡಿದ್ಯಾ, ಎಲ್ಲಾ ಫ್ರೀ" ಅಂತ ನಾನು ಬೀಗಿದೆ. ಆದರೆ ಪಾರ್ಟು ಬರಬೇಕು ಅಂತ ಗಾಡಿಯನ್ನು ವಾರಕ್ಕೂ ಮೇಲೆ ಅಲ್ಲೇ ಇಟ್ಟುಕೊಂಡಿದ್ದರು. ಅಷ್ಟು ದಿನವೂ ಅವಳು ಕ್ಯಾಬಿನ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೇಕ್ ಇಟ್ಟುಕೊಂಡು, "ಸ್ವಲ್ಪ ನಿಧಾನ ಅಣ್ಣ, ಹಂಪ್ ಇದೆ ಅಣ್ಣ" ಅನ್ನುತ್ತಾ ಊರು ಸುತ್ತಿದಳು. ಎಷ್ಟೋ ಆರ್ಡರುಗಳಿಗೆ ಆಗಲ್ಲ ಅಂದಳು. ಅದು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ನನಗೆ ಕಂಡಿದ್ದು ಫ್ರೀ ಮಾತ್ರ.

ಈಗ ಆ ಮೂರು ವರ್ಷದ ವಾರಂಟಿ ತಿಂಗಳ ಕೊನೆಗೆ ಮುಗಿಯುವುದಿತ್ತು. ಶೋರೂಮಿನಿಂದ ಫೋನು ಶುರುವಾಯಿತು. ದುಡ್ಡು ಕಟ್ಟಿದರೆ ಇನ್ನೆರಡು ವರ್ಷ ಮುಂದುವರಿಸಿಕೊಡುತ್ತಾರಂತೆ. ಅದಕ್ಕೆ ಎಕ್ಸ್‌ಟೆಂಡೆಡ್ ವಾರಂಟಿ ಅಂತ ಹೆಸರು. ವಾರಂಟಿ ಮುಗಿಯುವುದರೊಳಗೆ ತೆಗೆದುಕೊಳ್ಳಬೇಕು, ಆಮೇಲೆ ಕೊಡುವುದಿಲ್ಲ.

"ಅಮ್ಮಾ, ಮಂಗಳವಾರ ಹೋಗಿ ಕೇಳ್ಕೊಂಡು ಬರೋಣ, ನೀನೂ ಬಾ" ಅಂದಳು ಚೈತ್ರ.

ನೀನೂ ಬಾ ಅಂದರೆ ಏನರ್ಥ? ಚೌಕಾಸಿಗೆ ಬಾ ಅಂತ. ನಾನು ಇಸ್ತ್ರಿ ಸೀರೆ ಉಟ್ಟು ಹೊರಟೆ.

ನನ್ನ ಚೌಕಾಸಿಗೆ ಒಂದು ಹಿನ್ನೆಲೆಯಿದೆ. ಹನುಮಂತನಗರದಲ್ಲಿ ಇವತ್ತು ನನ್ನದು ಅಂತ ಒಂದು ಪಾತ್ರೆ ಅಂಗಡಿ ಇದೆಯಲ್ಲ, ಅದಕ್ಕೂ ಮೊದಲು ನಾನು ತಲೆಯ ಮೇಲೆ ಬುಟ್ಟಿ ಹೊತ್ತು ಗಿರಿನಗರದ ಬೀದಿಗಳಲ್ಲಿ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತಿದ್ದವಳು. ಎರಡು ಪ್ಯಾಂಟಿಗೆ ಒಂದು ಡಬ್ಬಿ ಅಂತ ನಾನು, ಒಂದು ಪ್ಯಾಂಟಿಗೆ ಎರಡು ಡಬ್ಬಿ ಅಂತ ಆ ಮನೆಯಾಕೆ. ಮಾತು ಮುಂದುವರಿಯದಿದ್ದರೆ ನಾನು ಬುಟ್ಟಿ ಎತ್ತಿಕೊಂಡು ಹೊರಡುತ್ತಿದ್ದೆ. ಜೋರಾಗಿ ಹೋಗಬಾರದು, ಕೋಪ ಅಂದುಕೊಳ್ಳುತ್ತಾರೆ. ತೀರಾ ನಿಧಾನವಾದರೆ ನಾಟಕ ಅಂತ ಗೊತ್ತಾಗುತ್ತದೆ. ಗೇಟಿನ ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ಹಿಂದಿನಿಂದ "ಬಾರಮ್ಮ, ಬಾ" ಅಂತ ಕೂಗು ಬಂದೇ ಬರುತ್ತಿತ್ತು. ಆಮೇಲೆ ಕೊಳ್ಳುವವಳಾದಾಗಲೂ ನನ್ನ ಪಟ್ಟು ಅದೇ. ಗಾಂಧಿ ಬಜಾರಿನ ಹೂವಿನಿಂದ ಹಿಡಿದು ಮನೆ ಕಟ್ಟಿಸುವಾಗಿನ ಗ್ರಾನೈಟ್‌ವರೆಗೆ ಎದ್ದು ಹೊರಟಿದ್ದೇನೆ, ಕರೆಸಿಕೊಂಡಿದ್ದೇನೆ.

ಶೋರೂಮಿನಲ್ಲಿ ನಮ್ಮನ್ನು ಕೂರಿಸಿ ಮಾತಾಡಿದವನು ಕಾರ್ತಿಕ್ ಅನ್ನುವ ಹುಡುಗ. ಕತ್ತಿಗೆ ಐಡಿ ಕಾರ್ಡು, ಕೈಯಲ್ಲಿ ಟ್ಯಾಬು.

"ಎಲ್ಲಾ ಕವರ್ ಆಗತ್ತೆ ಮೇಡಂ. ಟೆನ್ಷನ್ನೇ ಇಲ್ಲ."

ನಾನೂ ಅಂಗಡಿಯಲ್ಲಿ ಮಿಕ್ಸಿ ಮಾರುತ್ತೇನೆ. ಎಲ್ಲಾ ಅನ್ನುವ ಮಾತನ್ನು ನಾನೂ ದಿನಾ ಹೇಳುತ್ತೇನೆ. ಆದ್ದರಿಂದ ಕೇಳಿದೆ: "ಎಲ್ಲಾ ಇರಲಿ ಕಣಪ್ಪ. ಏನೇನು ಆಗಲ್ಲ, ಅದನ್ನ ಹೇಳು."

ಹುಡುಗ ತಲೆ ಕೆರೆದುಕೊಂಡ. ಟೈರು ಇಲ್ಲ. ಬ್ಯಾಟರಿ ಇಲ್ಲ. ಬ್ರೇಕ್ ಪ್ಯಾಡು, ಕ್ಲಚ್ಚು, ವೈಪರು, ಬಲ್ಬು, ಸವೆಯುವಂಥದ್ದು ಯಾವುದೂ ಇಲ್ಲ. ಸರ್ವಿಸನ್ನು ಅವರಲ್ಲೇ ಮಾಡಿಸಬೇಕು, ತಪ್ಪಿದರೆ ವಾರಂಟಿಯೇ ಇಲ್ಲ.

"ಏಸಿ ಕಂಪ್ರೆಸರ್?" ಚೈತ್ರ ಕೇಳಿದಳು.

"ಅದು ಇದೆ ಮೇಡಂ. ಎಂಜಿನ್, ಗೇರ್‌ಬಾಕ್ಸ್, ಏಸಿ ಮೂರೂ ಇದೆ. ಕಂಪ್ರೆಸರ್ ಒಂದೇ ಹೋದ್ರೂ ನೀವು ಈ ಅಮೌಂಟ್‌ಗಿಂತ ಜಾಸ್ತಿ ಕೊಡ್ಬೇಕಾಗತ್ತೆ."

"ಹನ್ನೆರಡು ಸಾವಿರ ಮಾಡ್ಕೊಳಪ್ಪ" ಅಂದೆ ನಾನು.

"ಫಿಕ್ಸೆಡ್ ಪ್ರೈಸ್ ಮೇಡಂ. ಸಿಸ್ಟಮ್ಮಲ್ಲೇ ಬರತ್ತೆ."

"ಸಿಸ್ಟಮ್ಮಿಗೆ ನಾನು ಹಳೇ ಕಸ್ಟಮರ್ ಅಂತ ಹೇಳು."

"ಅದು ಕೇಳಲ್ಲ ಮೇಡಂ."

"ಹದಿಮೂರು. ಕೊನೇ ಮಾತು."

ಹುಡುಗ ನಕ್ಕ, ಬಗ್ಗಲಿಲ್ಲ. ಸರಿ, ಹೊತ್ತಾಯಿತು ಅಂದುಕೊಂಡೆ. ಬ್ಯಾಗು ಹೆಗಲಿಗೆ ಹಾಕಿದೆ. "ನಡಿ ಚೈತ್ರ, ಇದಾಗಲ್ಲ" ಅಂತ ಎದ್ದೆ. ಜೋರೂ ಅಲ್ಲ, ನಿಧಾನವೂ ಅಲ್ಲ, ಗಿರಿನಗರದ ಅದೇ ನಡಿಗೆ. ಗಾಜಿನ ಬಾಗಿಲು ತಾನಾಗಿಯೇ ತೆರೆದುಕೊಂಡಿತು. (ಅಲ್ಲೇ ಅನುಮಾನ ಬರಬೇಕಿತ್ತು. ಚಿಲಕವೇ ಇಲ್ಲದ ಬಾಗಿಲು.) ಹೊರಗೆ ಬಂದೆ. ನಿಲ್ಲಿಸಿದ್ದ ಟೆಸ್ಟ್ ಡ್ರೈವ್ ಕಾರುಗಳನ್ನು ದಾಟಿದೆ. ಗೇಟು ಬಂತು. ಯಾರೂ ಕೂಗಲಿಲ್ಲ.

ತಿರುಗಿ ನೋಡಿದರೆ ಮಗಳೂ ಬಂದಿಲ್ಲ.

ಗೇಟಿನ ಸೆಕ್ಯುರಿಟಿಯವರು ನನ್ನನ್ನೇ ನೋಡುತ್ತಿದ್ದರು. "ಆಟೋ ಬೇಕಾ ಮೇಡಂ?"

"ಬೇಡಪ್ಪ. ಈಗ ಕರೀತಾರೆ."

"ಯಾರು?"

"ಒಳಗಡೆಯವರು."

ಅವರಿಗೇನು ಅರ್ಥವಾಯಿತೋ, ತಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ನೆರಳಿಗೆ ಎಳೆದು ಕೊಟ್ಟರು. ಕೂತೆ. ಅಷ್ಟು ವರ್ಷ ವ್ಯಾಪಾರ ಮಾಡಿ, ಬನ್ನೇರುಘಟ್ಟ ರಸ್ತೆಯ ಧೂಳಿನಲ್ಲಿ ಇನ್ನೊಬ್ಬರ ಕುರ್ಚಿಯ ಮೇಲೆ ಕೂತು ಕರೆಗೆ ಕಾಯುವುದು ಹೇಗಿರುತ್ತದೆ ಅಂತ ನಿಮಗೆ ಹೇಳಲೇ? ಬೇಡ ಬಿಡಿ.

ಫೋನು ಬಂತು. ಶೋರೂಮಿನವರದ್ದಲ್ಲ, ಚೈತ್ರಳದ್ದು. "ಅಮ್ಮಾ, ಎಲ್ಲಿದೀಯಾ? ನಿನ್ನ ಕಾಫಿ ಆರ್ತಿದೆ, ಬಾ."

ಒಳಗೆ ಹೋದರೆ ಕಾರ್ತಿಕ್‌ನ ಪಕ್ಕದಲ್ಲಿ ಮ್ಯಾನೇಜರ್ ಬಂದು ಕೂತಿದ್ದರು. ಅರ್ಧ ನರೆತ ಗಡ್ಡ, ನಿಧಾನದ ಮನುಷ್ಯ. ನಾನು ಬಾಯಿ ತೆರೆಯುವ ಮೊದಲೇ ಚೈತ್ರ ಟೇಬಲ್ಲಿನ ಕೆಳಗೆ ನನ್ನ ಕಾಲು ಒತ್ತಿದಳು. ಕಾಫಿ ಕುಡಿದೆ.

"ಬೆಲೆ ಬಿಡಿ ಸಾರ್, ಅದನ್ನ ನಾನು ಕೇಳ್ತಿಲ್ಲ" ಅನ್ನುತ್ತಿದ್ದಳು ಮಗಳು. ಬೆಲೆ ಕೇಳುತ್ತಿಲ್ಲವಂತೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು.

"ನಂಗೆ ಆರ್ಡರ್ ಇರೋದು ಶುಕ್ರವಾರ, ಶನಿವಾರ, ಭಾನುವಾರ. ಗಾಡಿ ವಾರಂಟಿ ರಿಪೇರಿಗೆ ಅಂತ ನಿಮ್ಮ ಹತ್ರ ನಿಂತ್ರೆ, ಶುಕ್ರವಾರ ಬೆಳಗ್ಗೆ ಹೊತ್ತಿಗೆ ನಂಗೆ ಗಾಡಿ ಬೇಕು. ನಂದು ರೆಡಿ ಇಲ್ಲಾಂದ್ರೆ ನಿಮ್ದೊಂದು ಕೊಡಿ. ಏಸಿ ಇರೋದು."

"ಹಾಗೆಲ್ಲ ಪಾಲಿಸಿ ಇಲ್ಲ ಮೇಡಂ."

"ಪಾಲಿಸಿನ ಕೇಳ್ತಿಲ್ಲ ಸಾರ್, ನಿಮ್ಮನ್ನ ಕೇಳ್ತಿದೀನಿ. ಹೊರಗಡೆ ಟೆಸ್ಟ್ ಡ್ರೈವ್ ಗಾಡಿಗಳು ಸಾಲಾಗಿ ನಿಂತಿವೆ."

ಮ್ಯಾನೇಜರ್ ಕಾರ್ತಿಕ್‌ನ ಮುಖ ನೋಡಿದರು. ಕಾರ್ತಿಕ್ ಟ್ಯಾಬ್ ನೋಡಿದ.

"ನಮ್ದೊಂದು ವಾಟ್ಸಾಪ್ ಗ್ರೂಪ್ ಇದೆ ಸಾರ್" ಅಂದಳು ಚೈತ್ರ, ಸಕ್ಕರೆ ಎಷ್ಟು ಹಾಕಬೇಕು ಅಂತ ಹೇಳುವಷ್ಟೇ ತಣ್ಣಗೆ. "ಮನೇಲಿ ಕೇಕ್ ಮಾಡೋರು. ಜಯನಗರ, ಜೆ.ಪಿ. ನಗರ, ಬಿಟಿಎಂ ಎಲ್ಲಾ ಕಡೆಯವರು ಇದಾರೆ. ಎಲ್ಲರದ್ದೂ ಸಣ್ಣ ಕಾರು, ಎಲ್ಲರಿಗೂ ಏಸಿದೇ ತಲೆನೋವು. ಹೋದ ಬೇಸಿಗೇಲಿ ನೀವು ನನ್ನ ಗಾಡಿ ವಾರದ ಮೇಲೆ ಇಟ್ಕೊಂಡ್ರಲ್ಲ, ಅದನ್ನ ನಾನು ಅಲ್ಲಿ ಬರೀಲಿಲ್ಲ. ಇವತ್ತಿಂದು ಬರೀತೀನಿ."

"ಏನಂತ ಬರೀತೀರಾ ಮೇಡಂ?"

"ನೀವು ಈಗ ಏನು ಹೇಳ್ತೀರೋ ಅದೇ."

ಓದುಗರೇ, ನಾನು ಎಷ್ಟೋ ವ್ಯಾಪಾರ ನೋಡಿದ್ದೇನೆ. ಎದ್ದು ಹೋಗದೆ, ಧ್ವನಿ ಎತ್ತದೆ, ಕುರ್ಚಿಯಲ್ಲಿ ಕೂತೇ ಎದುರಿನವರನ್ನು ಗೇಟಿನವರೆಗೆ ನಡೆಸಿದ್ದನ್ನು ನೋಡಿದ್ದು ಅದೇ ಮೊದಲು.

ಮ್ಯಾನೇಜರ್ ಹೊರಗೆ ನಿಂತ ಗಾಡಿಗಳ ಕಡೆ ನೋಡಿದರು. ಆಮೇಲೆ, "ಆಯ್ತು. ಗುರುವಾರ ಸಂಜೆಗೆ ನಿಮ್ಮ ಗಾಡಿ ರೆಡಿಯಾಗ್ಲಿಲ್ಲ ಅಂದ್ರೆ, ಭಾನುವಾರದವರೆಗೆ ನಮ್ಮದೊಂದು ಕೊಡ್ತೀವಿ. ಪೆಟ್ರೋಲ್ ನಿಮ್ದು" ಅಂದರು.

"ಪೆಟ್ರೋಲ್ ನಂದೇ. ಇದನ್ನ ಒಂದು ಮೇಲ್ ಹಾಕಿ ಸಾರ್, ಈಗ್ಲೇ."

ಮೇಲ್ ಬಂದು, ಅವಳು ಪೂರ್ತಿ ಓದಿ, ಗುರುವಾರದ ಜಾಗದಲ್ಲಿ ಬುಧವಾರ ಅಂತ ತಪ್ಪಾಗಿ ಬಿದ್ದಿದ್ದನ್ನು (ತನಗೇ ಲಾಭವಾಗಿದ್ದರೂ) ಅವರಿಂದಲೇ ತಿದ್ದಿಸಿದ ಮೇಲೆ ದುಡ್ಡು ಕಟ್ಟಿದಳು. ಹದಿನೆಂಟು ಸಾವಿರ. ಪೂರ್ತಿ. ಅವಳು ಫೋನಿನಲ್ಲಿ ಒತ್ತುವಾಗ ನಾನು ಬಾಗಿಲ ಕಡೆ ನೋಡುತ್ತಿದ್ದೆ, ಅದು ಬೇರೆ ವಿಷಯ.

ಹೊರಗೆ ಬರುವಾಗ ಸೆಕ್ಯುರಿಟಿಯವರು ಕೇಳಿದರು: "ಕರೆದ್ರಾ ಮೇಡಂ?"

"ಕರೆದ್ರಪ್ಪ. ನನ್ನ ಮಗಳು."

ಕಾರಿನಲ್ಲಿ ನಾನು ಸುಮ್ಮನಿರಲಿಲ್ಲ. "ಹದಿನೈದಕ್ಕಾದ್ರೂ ಕೇಳ್ಬಹುದಿತ್ತು" ಅಂದೆ.

"ಎರಡು ವರ್ಷಕ್ಕೆ ಹಂಚಿದ್ರೆ ತಿಂಗಳಿಗೆ ಒಂದು ಕೇಕಿನ ದುಡ್ಡೂ ಇಲ್ಲಮ್ಮ. ಗಾಡಿ ಇಲ್ದೆ ಒಂದು ಶನಿವಾರ ಹೋದ್ರೆ ಎಷ್ಟು ಕೇಕ್ ಹೋಗತ್ತೆ ಗೊತ್ತಾ? ದುಡ್ಡಿನ ಜೊತೆ ಹೆಸರೂ ಹೋಗತ್ತೆ. ಫೋಟೋಗೆ ಆ ಕಡೆಯಿಂದ ನಿಲ್ಲಿಸೋಣ ಅಂತ ಇನ್ನೊಂದು ಸಲ ಕೇಳಿಸ್ಕೊಳಕ್ಕೆ ನಂಗಾಗಲ್ಲ."

ಸ್ವಲ್ಪ ದೂರ ಹೋದ ಮೇಲೆ ಅವಳೇ ಅಂದಳು: "ಆದ್ರೆ ಅಮ್ಮಾ, ಮ್ಯಾನೇಜರ್ ಬಂದಿದ್ದು ನೀನು ಎದ್ದು ಹೋಗಿದ್ದಕ್ಕೇ. ಕಸ್ಟಮರ್ ಕೋಪ ಮಾಡ್ಕೊಂಡು ಹೋದ್ರು ಅಂತ ಆ ಕಾರ್ತಿಕ್ ಗಾಬರಿಯಾಗಿ ಹೋಗಿ ಕರ್ಕೊಂಡು ಬಂದ."

ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ? ನಾನು ವಿಚಾರಿಸಲಿಲ್ಲ. ಬಿಟ್ಟಿ ಸಿಕ್ಕಿದ್ದನ್ನು ಬೇಡ ಅನ್ನುವ ಅಭ್ಯಾಸ ನನಗಿಲ್ಲ.

ಈ ಸುದ್ದಿ ಬೀದಿಗೆ ಗೊತ್ತಾಗಲು ಎಷ್ಟು ಹೊತ್ತು ಬೇಕು? ಮರುದಿನವೇ ಎದುರು ಮನೆಯ ಗುಂಡೂರಾಯರು ಗೇಟಿನ ಹತ್ತಿರ ಬಂದರು. ಬ್ಯಾಂಕಿನಿಂದ ನಿವೃತ್ತರಾದವರು. ಅವರ ಕಾರು ಹೊದಿಕೆಯೊಳಗೇ ಇರುವುದು ಹೆಚ್ಚು. ಭಾನುವಾರ ದೇವಸ್ಥಾನ, ಮುಹೂರ್ತವಿದ್ದರೆ ಛತ್ರ, ಅಷ್ಟೇ.

"ನೀವೇ ತಗೊಂಡ್ರಿ ಅಂದ್ಮೇಲೆ ಕಣ್ಮುಚ್ಕೊಂಡು ನಾನೂ ತಗೊಂಡ್ಬಿಡ್ತೀನಮ್ಮ" ಅಂದರು.

"ನಾಳೆ ನಿಮ್ಮ ಗಾಡಿ ಕೆಟ್ಟು ನಿಂತ್ರೆ ಏನ್ಮಾಡ್ತೀರಾ ರಾಯರೇ?"

"ಇನ್ನೇನ್ಮಾಡೋದು, ಆಟೋದಲ್ಲಿ ಹೋಗ್ತೀನಿ."

"ಹಾಗಾದ್ರೆ ಬೇಡ. ಆ ದುಡ್ಡನ್ನ ಬ್ಯಾಂಕಲ್ಲೇ ಇಡಿ. ರಿಪೇರಿ ಬಂದ್ರೆ ಅದ್ರಲ್ಲೇ ಮಾಡ್ಸಿ, ಬರದಿದ್ರೆ ಬಡ್ಡಿ ತಿನ್ನಿ."

ರಾಯರ ಮುಖ ಸ್ವಲ್ಪ ಸಣ್ಣದಾಯಿತು. ಆದರೂ ದುಡ್ಡು ಉಳಿಯಿತು ಅಂತ ಸಂಜೆ ಅವರ ಮನೆಯಿಂದ ಕೋಡುಬಳೆ ಬಂತು.

ನಿಮಗೂ ಅದನ್ನೇ ಹೇಳುತ್ತೇನೆ. ಶೋರೂಮಿನಿಂದ ಫೋನು ಬಂದಾಗ ಬೆಲೆ ಎಷ್ಟು ಅಂತ ಮೊದಲು ಕೇಳಬೇಡಿ. ಗಾಡಿ ನಿಂತ ದಿನ ನಿಮ್ಮ ಮನೆಯಲ್ಲಿ ಏನು ನಿಲ್ಲುತ್ತದೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ವ್ಯಾಪಾರ, ಡಯಾಲಿಸಿಸ್, ದೂರದ ಡ್ಯೂಟಿ, ಇಂಥದ್ದೇನಾದರೂ ನಿಲ್ಲುವುದಾದರೆ ತೆಗೆದುಕೊಳ್ಳಿ. ಆದರೆ ಎಲ್ಲಾ ಕವರ್ ಆಗತ್ತೆ ಅನ್ನುವವರಿಂದ ಏನೇನು ಆಗಲ್ಲ ಅನ್ನುವುದನ್ನು ಬಾಯಿಬಿಡಿಸಿ. ರಿಪೇರಿ ಫ್ರೀ ಅಂದರೆ ಸಾಲದು, ಎಷ್ಟು ದಿನದಲ್ಲಿ ಅಂತ ಕೇಳಿ. ಬಾಯಿಮಾತಿನ ಭರವಸೆ ಮೇಲ್‌ನಲ್ಲಿ ಬಂದ ಮೇಲೆ ದುಡ್ಡು ಕಟ್ಟಿ. ನಿಮ್ಮ ಬದಲು ಮಾತಾಡಲು ಮಗಳಿದ್ದರೆ, ಕಾಫಿ ಕುಡಿಯಿರಿ.

ಏನೂ ನಿಲ್ಲುವುದಿಲ್ಲ ಅಂತಾದರೆ ಎದ್ದು ಬನ್ನಿ. ಗೇಟಿನವರೆಗೂ ಯಾರೂ ಕರೆಯುವುದಿಲ್ಲ, ಅದೇ ನಿಮಗೆ ಲಾಭ.