ಹುಲಗೆಮ್ಮನ ಸಿಂಬಿ

ಹುಲಗೆಮ್ಮನ ಹೊಲದಲ್ಲಿ ಕಲ್ಲು ಮೊದಲು, ಮಣ್ಣು ಆಮೇಲೆ. ನವಲಿ ಹತ್ತಿರ ಕಾಲುವೆ ನೀರು ಏರದ ಗುಡ್ಡದ ಬುಡದಲ್ಲಿ ಎರಡು ಎಕರೆ ಸರ್ಕಾರಿ ಜಾಗ. ಇಪ್ಪತ್ತೆಂಟು ವರ್ಷದಿಂದ ಸಾಗುವಳಿ ಆಕೆಯದೇ. ಬೆಳಗ್ಗೆ ಕೆಳಗಿನವರ ಗದ್ದೆಯಲ್ಲಿ ಭತ್ತ ನಾಟಿ, ಮಧ್ಯಾಹ್ನದ ಮೇಲೆ ಇಲ್ಲಿ ಕಲ್ಲು ಆರಿಸುವುದು. ತಲೆ ಮೇಲೆ ಬಟ್ಟೆಯ ಸಿಂಬಿ, ಅದರ ಮೇಲೆ ಪುಟ್ಟಿ. ಹಾಗೆ ಹೊತ್ತು ಹಾಕಿದ ಕಲ್ಲೇ ಈಗ ನಾಕೂ ಕಡೆ ಬದು. ಪಟ್ಟಾ ಮಾತ್ರ ಇಲ್ಲ. ಅದಕ್ಕಾಗಿ ನಮ್ಮ ಭೂಹೋರಾಟದ ಸಂಘದ ಜೊತೆ ಧರಣಿ ಕೂತಳು, ಎರಡು ಸಲ ಪೊಲೀಸ್ ವ್ಯಾನ್ ಹತ್ತಿದಳು.

ಕೊನೆಗೂ ಅಳತೆಯ ದಿನ ಬಂತು. ಸರ್ವೆ ಮಾಡುವ ಮರಿಸ್ವಾಮಿ ಅಂಗೈಯಲ್ಲಿ ಹಿಡಿಯುವಂಥ ಜಿಪಿಎಸ್ ಯಂತ್ರ ತಂದಿದ್ದ. ಹೊಲದ ನಾಕು ಮೂಲೆಯ ಗುರುತು ಅದರಲ್ಲಿ ಬೀಳಬೇಕು. ಸಂಜೆ ಐದಕ್ಕೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿದಾರರ ಪಟ್ಟಿ ಮುಚ್ಚುತ್ತದೆ, ಅಳತೆಯಿಲ್ಲದ ಅರ್ಜಿ ವಜಾ. ಗಂಟೆ ಮೂರಾಗಿತ್ತು. ಯಂತ್ರ ಇನ್ನೂ ಉಪಗ್ರಹ ಹುಡುಕುತ್ತಲೇ ಇತ್ತು.

ಬ್ಯಾಟರಿ ಬದಲಿಸಿದ. ಬೇವಿನ ಮರದ ನೆರಳು ಬಿಟ್ಟು ಬಯಲಿಗೆ ಬಂದ. ಬಂದ್ ಮಾಡಿ ಚಾಲೂ ಮಾಡಿದ. ಮತ್ತೆ ಬಂದ್, ಮತ್ತೆ ಚಾಲೂ.

"ಮುಗಿಲು ನಿಚ್ಚಳ ಐತಲ್ಲೋ ತಮ್ಮಾ, ಏನ್ ಹುಡುಕ್ತೈತಿ ಅದು?" ಹುಲಗೆಮ್ಮನ ಬಾಯಿ ಒಣಗಿತ್ತು.

"ವರ್ಷಗಟ್ಲೆ ಕಪಾಟಿನ್ಯಾಗ ಇತ್ತಬೇ. ತಾನೆಲ್ಲದೀನಿ ಅನ್ನೋದ ಮರ್ತೈತಿ."

"ನನ್ನ ಕೇಳಂತ ಹೇಳು. ನಾ ಹೇಳ್ತೀನಿ."

ಸಂಘದ ಮೂವತ್ತು ಮಂದಿ ತಲೆಗೆ ತಲೆ ತಾಗಿಸಿ ಯಂತ್ರದ ಮೇಲೆ ಬಾಗಿದ್ದೆವು. ಬಿಸಿಲಿಗೆ ಕಾದೀತೆಂದು ಹುಲಗೆಮ್ಮನ ಓಣಿಯ ಗೌಸಬೀ ಅದಕ್ಕೆ ಛತ್ರಿ ಬೇರೆ ಹಿಡಿದಿದ್ದಳು. ಮರಿಸ್ವಾಮಿ ತಲೆಯೆತ್ತಿ ನೋಡಿದ. ಸಿಟ್ಟು ಬಂತು.

"ಹಿಂಗ ಮುಗಿಬಿದ್ರ ಅದಕ್ಕ ಆಕಾಶ ಎಲ್ಲಿ ಕಾಣಬೇಕ್ರಿ? ನಾನೂ ಸುಮ್ನ ಬಂದ್ ಮಾಡಿ ಮಾಡಿ ಕೆಡಿಸೀನಿ. ಹಂದಾಡದಂಗ ಒಂದು ಇಪ್ಪತ್ತು ನಿಮಿಷ ಬಿಡ್ರಿ."

ಒತ್ತಾಗಿ ನಿಲ್ಲಿರಿ ಅಂತ ಧರಣಿಗಳಲ್ಲಿ ನಲವತ್ತು ವರ್ಷ ಕೂಗಿದ ನನ್ನ ಬಾಯಲ್ಲಿ ಪೊಲೀಸರ ಮಾತು ಬಂತು. "ಚದುರ್ರಿ! ಎಲ್ಲಾರೂ ಚದುರ್ರಿ!"

"ನೀನೂ ಆ ಕಡೆ ಸೇರಿದೇನೋ ಅಣ್ಣಾ?" ಗೌಸಬೀ ಛತ್ರಿ ಮಡಚಿದಳು.

ಯಂತ್ರವನ್ನು ಬದುವಿನ ಮೇಲಿಟ್ಟು ದೂರ ಸರಿದೆವು. ಹುಲಗೆಮ್ಮ ಕೂರಲಿಲ್ಲ. ಮೂರೂಮುಕ್ಕಾಲಿಗೆ ಐದು ಉಪಗ್ರಹ ಸಿಕ್ಕವು. ಮರಿಸ್ವಾಮಿ ಅದನ್ನು ಎದೆಗೆ ಅವಚಿಕೊಂಡು ಹತ್ತು ಹೆಜ್ಜೆ ನಡೆದದ್ದೇ ತಡ, ಮೂರು ಹೋದವು.

"ಮೈ ಅಡ್ಡ ಆಗತೈತಿ," ಅಂದ.

"ಕೊಡಿಲ್ಲಿ."

ಹುಲಗೆಮ್ಮ ಸೆರಗು ಸುತ್ತಿ ಸಿಂಬಿ ಮಾಡಿದಳು. ಯಂತ್ರವನ್ನು ಅಂಗಾತ ತಲೆ ಮೇಲಿಟ್ಟುಕೊಂಡು ಒಂದು ಗಳಿಗೆ ನಿಂತಳು. ಹೋದ ಮೂರೂ ತಿರುಗಿ ಬಂದವು. ತಾನೇ ಕಟ್ಟಿದ ಬದುವಿನಗುಂಟ ನಡೆದಳು. ಕುತ್ತಿಗೆ ಹೊರಳಲಿಲ್ಲ. ಮೂಲೆ ಬಂದಾಗ ನಿಂತಳು, ಮರಿಸ್ವಾಮಿ ಕೈ ಚಾಚಿ ಗುಂಡಿ ಒತ್ತಿದ. ನಾಕನೇ ಮೂಲೆ ಮುಟ್ಟಿದಾಗ ನಾಕೂ ಕಾಲು.

"ಬರಕೊಂಡ್ಯಾ?"

"ಬರಕೊಂಡೆ. ಇಳಸಬೇ."

"ಮೊದ್ಲು ಓದು."

ಎರಡು ಎಕರೆ ಮೂರು ಗುಂಟೆ. ಇನ್ನೊಮ್ಮೆ ಓದಿಸಿದಳು. ಆಮೇಲೆಯೇ ಇಳಿಸಿ ಕೊಟ್ಟಳು. ಮರಿಸ್ವಾಮಿ ಬೈಕ್ ಹತ್ತಿ ಕಚೇರಿಗೆ ಹೋದ.

ಐದಕ್ಕೆ ಐದು ನಿಮಿಷ ಇರುವಾಗ ಅವನ ಫೋನ್ ಬಂತು. ಹೆಸರು ಪಟ್ಟಿಗೆ ಏರಿತ್ತು. ಪಟ್ಟಾ ಇನ್ನೂ ಬಂದಿಲ್ಲ, ಅದು ಬೇರೆ ಜಗಳ. ಅವತ್ತು ಹುಲಗೆಮ್ಮ ತನ್ನ ಬದುವಿನ ಮೇಲೆ ಕುಕ್ಕರಿಸಿ ಕೂತು ಕೇಳಿದ್ದು ಒಂದೇ: "ಯಾರರ ಒಂದು ಚರಿಗಿ ನೀರು ಕೊಡ್ರಿ."