ಅಪ್ಪನ ಬೂಟಿಗೆ ಆಮದು ಸುಂಕ

ನನ್ನ ಮನೆಯಲ್ಲಿ ಉಳಿದು ಹೋಗುವವರು ಏನಾದರೊಂದು ಮರೆತೇ ಹೋಗುತ್ತಾರೆ. ಆನೆಗೊಂದಿಯಲ್ಲಿ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡಲು ಶುರುಮಾಡಿದ ಮೇಲೆ ನನಗೆ ಸೋಪು ಕೊಳ್ಳುವ ಖರ್ಚೇ ಇಲ್ಲ. ಚಾರ್ಜರು, ಛತ್ರಿ, ಒಂಟಿ ಕಾಲುಚೀಲ ಇವೆಲ್ಲ ಒಂದು ಡಬ್ಬಿಯಲ್ಲಿ ಯಜಮಾನರ ದಾರಿ ಕಾಯುತ್ತ ಕೂತಿವೆ. ಯಾರೂ ಕೇಳುವುದಿಲ್ಲ. ಕೇಳಿದವಳು ಬೆಲ್ಜಿಯಂ ದೇಶದ ಎಲ್ಕೆ ಒಬ್ಬಳೇ. ಅವಳು ಕೇಳಿದ್ದು ಹರಿದ ಬೂಟನ್ನು.

ಎಲ್ಕೆಗೆ ಬಂಡೆ ಹತ್ತುವ ಹುಚ್ಚು. ಹೊರಡುವ ಹಿಂದಿನ ದಿನ ಗುಡ್ಡದಲ್ಲಿ ಅವಳ ಬೂಟಿನ ತಳ ಕಿತ್ತು ಬಾಯಿ ತೆರೆದುಕೊಂಡಿತು. ಗಂಗಾವತಿಯಲ್ಲಿ ಒಂದು ಜೊತೆ ಚಪ್ಪಲಿ ಕೊಂಡು, ಬೂಟನ್ನು ನಮ್ಮ ಕಟ್ಟೆಯ ಮೇಲೆ ಬಿಟ್ಟು, ರೈಲಿಗೆ ಹೊತ್ತಾಯಿತೆಂದು ಓಡಿದಳು. ಊರು ಮುಟ್ಟಿದ ಮೇಲೆ ಫೋನಿನಲ್ಲಿ ಒಂದೇ ಅಳು. ಆ ಬೂಟು ಅವಳ ತೀರಿಕೊಂಡ ಅಪ್ಪನದಂತೆ. ಹೇಗಿದೆಯೋ ಹಾಗೇ ಕಳಿಸಿಬಿಡಿ ಎಂದಳು.

ಹಾಗೇ ಕಳಿಸಲು ನನಗೆ ಮನಸ್ಸಾಗಲಿಲ್ಲ. ನಮ್ಮಲ್ಲಿ ಪಕ್ಕದ ಮನೆಯ ಪಾತ್ರೆಯನ್ನೂ ಖಾಲಿ ಮರಳಿಸುವುದಿಲ್ಲ, ಇನ್ನು ಅಪ್ಪನ ಬೂಟನ್ನು ಬಾಯಿಬಿಟ್ಟುಕೊಂಡಂತೆ ಮರಳಿಸುವುದೇ? ಗಂಗಾವತಿ ಬಜಾರಿನಲ್ಲಿ ಬ್ಯಾಗು ಬೂಟು ಹೊಲಿಯುವ ಮೆಹಬೂಬಸಾಬರ ಅಂಗಡಿಗೆ ಒಯ್ದೆ. ಅವರು ಹೊಸ ತಳ ಹಾಕಿ, ಸುತ್ತ ಜೋಡಿ ಹೊಲಿಗೆ ಹಾಕಿ, ಕನ್ನಡಿಯಂತೆ ಪಾಲಿಶ್ ಮಾಡಿಕೊಟ್ಟರು. ಅಂಚೆ ಕಚೇರಿಯ ಗುಮಾಸ್ತ, "ಬೆಲಿ ಎಷ್ಟ್ ಬರೀಲ್ರಿ?" ಎಂದ. ಕಡಿಮೆ ಬರೆಸಿದರೆ ಸತ್ತವರಿಗೆ ಅವಮಾನವಾದೀತೆಂದು ಧಾರಾಳವಾಗಿಯೇ ಬರೆಸಿದೆ.

ಕೆಲವು ದಿನಗಳಲ್ಲಿ ಎಲ್ಕೆಯ ಸಂದೇಶ ಬಂತು. ಅವಳ ದೇಶದ ಸುಂಕದವರು ಪೆಟ್ಟಿಗೆ ಬಿಚ್ಚಿ, ಆ ಹೊಳಪು ನೋಡಿ, ಇದು ಭಾರತದಿಂದ ಆಮದಾದ ಹೊಸ ಪಾದರಕ್ಷೆ ಎಂದು ತೀರ್ಮಾನಿಸಿದ್ದರು. ಪಾದರಕ್ಷೆಗೆ ಆಮದು ಸುಂಕ, ನಾನು ಧಾರಾಳವಾಗಿ ಬರೆಸಿದ ಬೆಲೆಯ ಮೇಲೆ ಮಾರಾಟ ತೆರಿಗೆ, ಸಾಲದ್ದಕ್ಕೆ ಇದೆಲ್ಲ ಲೆಕ್ಕ ಹಾಕಿದ್ದಕ್ಕೆ ಅಂಚೆಯವರ ಕೂಲಿ! ಕಟ್ಟಬೇಕು, ಇಲ್ಲವೇ ಇದು ತನ್ನದೇ ಹಳೆಯ ಬೂಟೆಂದು ರುಜುವಾತು ಮಾಡಬೇಕು. ಎರಡೂ ಆಗದಿದ್ದರೆ ಬೂಟು ವಾಪಸು. ಅವಳ ಅಪ್ಪ ಅದನ್ನು ಕೊಂಡದ್ದು ಅದೇ ದೇಶದಲ್ಲಿ, ಅಂದೇ ತೆರಿಗೆ ಕಟ್ಟಿ.

ಸುಂಕ ನಮಗೇನು ಹೊಸದಲ್ಲ. ನಮ್ಮ ಸೀಮೆಯ ಹಳೆಯ ಶಾಸನಗಳಲ್ಲಿ ಎಲೆಯ ಹೇರಿಗೆ, ಎತ್ತಿನ ಹೇರಿಗೆ ಸುಂಕ ಬರೆದದ್ದುಂಟು. ಮನಸ್ಸು ಬಂದರೆ ಮಾಫಿ ಮಾಡಿದ್ದೂ ಉಂಟು. ಮನೆಗೆ ಮರಳುತ್ತಿರುವ ಅಪ್ಪನ ಬೂಟನ್ನು ತಡೆದ ಅರಸ ಮಾತ್ರ ಯಾವ ಕಲ್ಲಿನಲ್ಲೂ ನನಗೆ ಸಿಕ್ಕಿಲ್ಲ.

ಅಪ್ಪ ಅದೇ ಬೂಟು ತೊಟ್ಟು ಬೆಟ್ಟದಲ್ಲಿ ನಿಂತ ಫೋಟೋ ಎಲ್ಕೆಯ ಬಳಿ ಇತ್ತು. ಅದು ಸಾಲದೆಂದರು ಸುಂಕದವರು. ರಿಪೇರಿ ಮಾಡಿದವರೇ ಬೂಟು ಹಳೆಯದೆಂದು ಬರೆದುಕೊಡಬೇಕಂತೆ. ಮತ್ತೆ ಮೆಹಬೂಬಸಾಬರ ಅಂಗಡಿಗೆ ಹೋಗಿ ವಿಷಯ ಹೇಳಿದೆ. ಅವರ ಮುಖ ಕೆಂಪಾಯಿತು.

"ಏನಂತೀರಿ ಅಕ್ಕಾರ? ನಾ ಕೈಯಾರೆ ಹೊಸಾದು ಮಾಡಿ ಕೊಟ್ಟೀನಿ. ಈಗ ಹಳೇದು ಅಂತ ನಾನs ಬರದು ಕೊಡ್ಲ್ಯಾ?"

"ಹಂಗಲ್ರಿ ಸಾಬರ, ಆಕಿ ಅಪ್ಪನ ಬೂಟದು. ನೀವು ಬರಕೊಡಲಿಲ್ಲಂದ್ರ ಆಕಿಗೆ ಸಿಗಂಗಿಲ್ಲ."

ಅಪ್ಪನ ಹೆಸರು ಕೇಳಿ ಅವರು ಮೆತ್ತಗಾದರು. ತಮ್ಮ ಷರತ್ತಿನ ಮೇಲೆ ಒಪ್ಪಿದರು. "ಬೂಟು ಹಳೇದು, ಹೊಲಿಗಿ ಹೊಸಾದು, ಹೊಲಿಗಿ ಭಾಳ ಛಲೋ ಐತಿ. ಇಷ್ಟೂ ಬರೀರಿ, ಸಹಿ ಮಾಡ್ತೀನಿ." ಹೇಳಿದಂತೆಯೇ ಇಂಗ್ಲಿಷಿನಲ್ಲಿ ಬರೆದೆ. ಸಹಿಯಾಯಿತು, ಪತ್ರ ಎಲ್ಕೆಗೆ ಹೋಯಿತು.

ಬೂಟು ಗೆದ್ದಿತು. ಹಳೆಯದೆಂದು ಒಪ್ಪಿ ಅದರ ಸುಂಕವನ್ನು ಬಿಟ್ಟರು. ಆದರೆ ನಮ್ಮ ಪ್ರಾಮಾಣಿಕತೆಯನ್ನೂ ಅವರು ಗಮನವಿಟ್ಟು ಓದಿದ್ದರು. ಪರದೇಶದಲ್ಲಿ ಮಾಡಿಸಿದ ರಿಪೇರಿಯೂ ಆಮದೇ ಆಗುವುದರಿಂದ ಹೊಲಿಗೆಯ ಮೇಲೆ ತೆರಿಗೆ ಹಾಕಿದರು! ಎಲ್ಕೆ ಅದನ್ನು ಕಟ್ಟಿ, ಬೂಟು ತೊಟ್ಟು, ಅಪ್ಪ ನಡೆಯುತ್ತಿದ್ದ ಬೆಟ್ಟಕ್ಕೆ ಹೋಗಿ ಫೋಟೋ ಕಳಿಸಿದಳು.

ಆ ಫೋಟೋ ತೋರಿಸಲು ಅಂಗಡಿಗೆ ಹೋದಾಗ ತೆರಿಗೆಯ ಮಾತನ್ನೂ ಹೇಳಲೇಬೇಕಾಯಿತು. ಮೆಹಬೂಬಸಾಬರು ದಬ್ಬಣ ಕೆಳಗಿಟ್ಟರು.

"ನನ್ನ ಹೊಲಿಗಿಗೆ ಟ್ಯಾಕ್ಸ್ ಹಾಕ್ಯಾರ?"

"ಹಾಕ್ಯಾರ್ರಿ."

"ಅಲ್ಲಿ ಸರಕಾರ?"

"ಅಲ್ಲಿ ಸರಕಾರನs."

ಅವರು ಫೋಟೋವನ್ನು ಹಿಗ್ಗಿಸಿ ಬೂಟಿನ ಹೊಲಿಗೆಯನ್ನು ನೋಡಿದರು. ಸಿಟ್ಟೋ ಹೆಮ್ಮೆಯೋ ನನಗೆ ತಿಳಿಯಲಿಲ್ಲ. ಆಮೇಲೆ, "ಪಾಪ, ಆ ಹುಡುಗಿಗೆ ನನ್ನಿಂದ ತ್ರಾಸಾತು ನೋಡ್ರಿ. ಇನ್ನ ಮ್ಯಾಲೆ ಪರದೇಶಕ್ಕ ಹೋಗೂದಿದ್ರ ಮೊದಲs ಹೇಳಿಬಿಡ್ರಿ ಅಕ್ಕಾರ, ಸ್ವಲ್ಪ ಕೆಟ್ಟದಾಗಿ ಹೊಲೀತೀನಿ" ಎಂದರು.

ನಾನು ನಕ್ಕು ಎದ್ದೆ. ಮೆಟ್ಟಿಲಿಳಿಯುವಷ್ಟರಲ್ಲಿ ಹಿಂದಿನಿಂದ ಕರೆದರು.

"ಆಗಂಗಿಲ್ಲ ಬಿಡ್ರಿ. ಕೈ ಕೇಳಂಗಿಲ್ಲ."